ಫೋನ್ ಸ್ವಿಚ್ ಆಫ್ ಆಗಿದ್ದರೂ ಅಲಾರಂ ಹೊಡೆಯುತ್ತದೆಯೇ?

ರಾತ್ರಿ ಮಲಗುವಾಗ ಫೋನ್ ಸ್ವಿಚ್ ಆಫ್ ಮಾಡಿ, ಅಲಾರಂ ಹೇಗಿದ್ದರೂ ಹೊಡೆಯುತ್ತದೆ ಎನ್ನುವ ಸಲಹೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಓಡಾಡುತ್ತಿರುತ್ತದೆ. ಕೆಲವೊಮ್ಮೆ ಅದರ ಜೊತೆ ರೇಡಿಯೇಷನ್ ಹೆದರಿಕೆ ಸೇರಿಕೊಂಡಿರುತ್ತದೆ, ಕೆಲವೊಮ್ಮೆ ಬ್ಯಾಟರಿ ಉಳಿಸುವ ಟಿಪ್ಸ್. ಅದೇ ಗ್ರೂಪಿನಲ್ಲಿ ಒಬ್ಬರು "ಹೌದು, ನಮ್ಮ ಫೋನ್ ಹೊಡೆಯುತ್ತೆ" ಎನ್ನುತ್ತಾರೆ. ಇನ್ನೊಬ್ಬರು "ಅದನ್ನೇ ನಂಬಿ ಬಸ್ ತಪ್ಪಿಸಿಕೊಂಡೆ" ಎನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು!

ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಬೆಳಗಿನ ಜಾವದ ರೈಲು, ಪರೀಕ್ಷೆಯ ದಿನ, ಮನೆಯ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಕೊಡಬೇಕಾದ ಮಾತ್ರೆ, ಫ್ಯಾಕ್ಟರಿಯ ಮೊದಲ ಶಿಫ್ಟ್, ಇವೆಲ್ಲ ಇಂದು ಫೋನಿನ ಅಲಾರಂ ಮೇಲೆಯೇ ನಿಂತಿವೆ. ನಮ್ಮ ತಂಡದಲ್ಲೇ ಒಬ್ಬರು ಪಿಯುಸಿ ಮುಗಿಯುವವರೆಗೆ ಕೀಪ್ಯಾಡ್ ಫೋನ್ ಬಳಸಿದವರು. ದಿನಾ ರಾತ್ರಿ ಅದನ್ನು ಆಫ್ ಮಾಡಿ ಮಲಗುತ್ತಿದ್ದರು, ದಿನಾ ಬೆಳಿಗ್ಗೆ ಅದು ಎಬ್ಬಿಸುತ್ತಿತ್ತು. ಡಿಗ್ರಿಗೆ ಸೇರಿದಾಗ ಮೊದಲ ಸ್ಮಾರ್ಟ್‌ಫೋನ್ ಬಂತು, ಅಭ್ಯಾಸ ಹಳೆಯದೇ ಉಳಿಯಿತು. ಇಂಟರ್ನಲ್ಸ್ ಇದ್ದ ದಿನ ಅವರಿಗೆ ಎಚ್ಚರವಾದದ್ದು ಅಮ್ಮನ ಕೂಗಿನಿಂದ, ಒಂದೂವರೆ ಗಂಟೆ ತಡವಾಗಿ.

ಹಾಗಾದರೆ ನಿಜ ಏನು? ನೋಡೋಣ.

ಚಿಕ್ಕ ಉತ್ತರ

ಇಂದಿನ ಹೆಚ್ಚಿನ ಸ್ಮಾರ್ಟ್‌ಫೋನ್‌ಗಳಲ್ಲಿ, ಫೋನ್ ಸ್ವಿಚ್ ಆಫ್ ಆಗಿದ್ದರೆ ಅಲಾರಂ ಹೊಡೆಯುವುದಿಲ್ಲ. ಹಳೆಯ ನೋಕಿಯಾದಂಥ ಹಲವು ಕೀಪ್ಯಾಡ್ ಫೋನ್‌ಗಳಲ್ಲಿ ಹೊಡೆಯುತ್ತದೆ. ಕೆಲವೇ ಕೆಲವು ಆಂಡ್ರಾಯ್ಡ್ ಮಾದರಿಗಳಲ್ಲೂ ಈ ಸೌಲಭ್ಯ ಇದೆ. ಹಾಗಾಗಿ "ಎಲ್ಲ ಫೋನ್‌ಗಳಲ್ಲೂ ಹೊಡೆಯುತ್ತದೆ" ಎನ್ನುವ ಸಂದೇಶ ತಪ್ಪು. "ಯಾವ ಫೋನಿನಲ್ಲೂ ಹೊಡೆಯುವುದಿಲ್ಲ" ಎನ್ನುವುದೂ ತಪ್ಪೇ.

ಈ ನಂಬಿಕೆ ಬಂದದ್ದು ಎಲ್ಲಿಂದ?

ಇದು ಯಾರೋ ಕುಳಿತು ಹುಟ್ಟಿಸಿದ ಸುಳ್ಳಲ್ಲ. ನೋಕಿಯಾ 1100 ನೆನಪಿದೆಯೇ? 2003ರಲ್ಲಿ ಬಂದ, ತಲೆಯ ಮೇಲೆ ಟಾರ್ಚ್ ಇದ್ದ ಆ ಸೆಟ್. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನ್ ಅದು. ನಮ್ಮೂರುಗಳಲ್ಲಿ ಎಷ್ಟೋ ಜನರ ಮೊದಲ ಮೊಬೈಲ್ ಅದೇ.

ಆ ಕಾಲದ ನೋಕಿಯಾ ಫೋನ್‌ಗಳ ಜೊತೆ ಬರುತ್ತಿದ್ದ ಪುಸ್ತಕದಲ್ಲೇ ಈ ವಿಷಯ ಇರುತ್ತಿತ್ತು. ಅಲಾರಂ ಸಮಯಕ್ಕೆ ಫೋನ್ ಆಫ್ ಆಗಿದ್ದರೆ ಅದು ತಾನಾಗಿಯೇ ಎದ್ದು ಸದ್ದು ಮಾಡುತ್ತದೆ. ನೀವು ಅದನ್ನು ನಿಲ್ಲಿಸಿದ ಮೇಲೆ, ಕರೆಗಳಿಗಾಗಿ ಫೋನನ್ನು ಪೂರ್ತಿ ಆನ್ ಮಾಡಬೇಕೇ ಎಂದು ಕೇಳುತ್ತದೆ. ಬೇಡ ಎಂದರೆ ಮತ್ತೆ ಮಲಗುತ್ತದೆ. ಮೊಬೈಲ್ ಬಳಕೆಗೆ ನಿಷೇಧ ಇರುವ ಜಾಗದಲ್ಲಿದ್ದರೆ ಆ ಪ್ರಶ್ನೆಗೆ ಹೌದು ಎನ್ನಬೇಡಿ ಎಂಬ ಎಚ್ಚರಿಕೆಯೂ ಅಲ್ಲೇ ಇತ್ತು.

ಅಂದರೆ ಮನೆಯ ಹಿರಿಯರು "ಆಫ್ ಆಗಿದ್ದರೂ ಹೊಡೆಯುತ್ತೆ ಕಣೋ" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ವರ್ಷಗಟ್ಟಲೆ ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಾರೆ. ಕೈಯಲ್ಲಿರುವ ಫೋನ್ ಬದಲಾಗಿದೆ, ಅನುಭವ ಮಾತ್ರ ಹಳೆಯ ಫೋನಿನದು. ಫಾರ್ವರ್ಡ್ ಸಂದೇಶ ಯಾವ ಫೋನ್ ಎಂಬ ಒಂದು ಪದವನ್ನು ಬಿಟ್ಟುಬಿಡುತ್ತದೆ. ಯಡವಟ್ಟು ಆಗುವುದು ಅಲ್ಲೇ.

ಆಫ್ ಆದ ಫೋನಿಗೆ ಸಮಯ ಹೇಗೆ ಗೊತ್ತಾಗುತ್ತದೆ?

ನಿಮ್ಮ ಫೋನನ್ನು ರಾತ್ರಿ ಆಫ್ ಮಾಡಿ, ಸಿಮ್ ತೆಗೆದು, ಬೆಳಿಗ್ಗೆ ಆನ್ ಮಾಡಿ ನೋಡಿ. ನೆಟ್‌ವರ್ಕ್ ಇಲ್ಲದಿದ್ದರೂ ಅದು ಸರಿಯಾದ ಸಮಯವನ್ನೇ ತೋರಿಸುತ್ತದೆ. ರಾತ್ರಿಯಿಡೀ ಒಳಗೆ ಏನೋ ಒಂದು ಓಡುತ್ತಿತ್ತು ಎಂದಾಯಿತಲ್ಲ?

ಹಾಗೆ ಓಡುವುದು ರಿಯಲ್ ಟೈಮ್ ಕ್ಲಾಕ್, ಚಿಕ್ಕದಾಗಿ ಆರ್‌ಟಿಸಿ. ಇದು ಫೋನಿನೊಳಗಿನ ಪುಟ್ಟ ಗಡಿಯಾರ. ಇದರಲ್ಲಿ ಒಂದು ಕ್ವಾರ್ಟ್ಜ್ ಹರಳು ಇರುತ್ತದೆ. ವಿದ್ಯುತ್ ಕೊಟ್ಟರೆ ಅದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಇದೇಕೆ ಇಂಥ ವಿಚಿತ್ರ ಸಂಖ್ಯೆ? 32,768 ಅನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಉಳಿಯುತ್ತದೆ. ಅಂದರೆ ಸೆಕೆಂಡಿಗೆ ಒಂದು ಟಿಕ್. ಕೈಗೆ ಕಟ್ಟುವ ಕ್ವಾರ್ಟ್ಜ್ ವಾಚು, ಗೋಡೆ ಗಡಿಯಾರಗಳಲ್ಲಿ ಇರುವುದೂ ಸಾಮಾನ್ಯವಾಗಿ ಇದೇ ಬಗೆಯ ಹರಳು. ಒಂದು ಸೆಲ್ ಹಾಕಿದರೆ ಗೋಡೆ ಗಡಿಯಾರ ತಿಂಗಳುಗಟ್ಟಲೆ ಓಡುತ್ತದಲ್ಲ, ಹಾಗೆಯೇ ಆರ್‌ಟಿಸಿಗೆ ಬೇಕಾದ ವಿದ್ಯುತ್ ತೀರಾ ಕಡಿಮೆ. ಫೋನ್ ಆಫ್ ಮಾಡಿದಾಗ ಪರದೆ, ಪ್ರೊಸೆಸರ್, ಮೊಬೈಲ್ ನೆಟ್‌ವರ್ಕ್ ಎಲ್ಲವೂ ನಿಲ್ಲುತ್ತವೆ. ಈ ಗಡಿಯಾರ ಮಾತ್ರ ಬ್ಯಾಟರಿಯಿಂದ ಒಂದಿಷ್ಟು ಹೀರುತ್ತಾ ಓಡುತ್ತಿರುತ್ತದೆ.

ಆರ್‌ಟಿಸಿಗೆ ಇನ್ನೊಂದು ಕೆಲಸವೂ ಗೊತ್ತು. "ಇಷ್ಟು ಗಂಟೆಗೆ ನನ್ನನ್ನು ಎಬ್ಬಿಸು" ಎಂದು ಅದರಲ್ಲಿ ಒಂದು ಸಮಯವನ್ನು ಬರೆದಿಡಬಹುದು. ಆ ಹೊತ್ತು ಬಂದಾಗ ಅದು ಫೋನಿನ ವಿದ್ಯುತ್ ನಿಯಂತ್ರಿಸುವ ಚಿಪ್‌ಗೆ ಸೂಚನೆ ಕೊಡುತ್ತದೆ. ನೀವು ಪವರ್ ಬಟನ್ ಒತ್ತಿದರೆ ಏನಾಗುತ್ತದೋ ಹೆಚ್ಚುಕಡಿಮೆ ಅದೇ ಆಗುತ್ತದೆ. ಹಳೆಯ ನೋಕಿಯಾ ಬೆಳಿಗ್ಗೆ ತಾನಾಗಿ ಏಳುತ್ತಿದ್ದ ಗುಟ್ಟು ಇಷ್ಟೇ.

ಹಾಗಿದ್ದರೆ ಸ್ಮಾರ್ಟ್‌ಫೋನ್ ಏಕೆ ಏಳುವುದಿಲ್ಲ?

ಸ್ಮಾರ್ಟ್‌ಫೋನಿನಲ್ಲೂ ಆರ್‌ಟಿಸಿ ಇದೆ. ಆದರೆ ಎಬ್ಬಿಸಿದ ಮೇಲೆ ಆಗಬೇಕಾದ ಕೆಲಸ ದೊಡ್ಡದು.

ಮೊದಲನೆಯದು, ಗಾತ್ರ. ಕೀಪ್ಯಾಡ್ ಫೋನಿನ ಸಾಫ್ಟ್‌ವೇರ್ ಪುಟ್ಟದು, ಕೆಲವೇ ಸೆಕೆಂಡುಗಳಲ್ಲಿ ಎದ್ದು ಸದ್ದು ಮಾಡಬಲ್ಲದು. ಸ್ಮಾರ್ಟ್‌ಫೋನಿನದು ಹಲವು ಜಿಬಿಗಳ ಆಪರೇಟಿಂಗ್ ಸಿಸ್ಟಮ್. ಅದು ಪೂರ್ತಿ ಎದ್ದ ಮೇಲಷ್ಟೇ ಕ್ಲಾಕ್ ಆಪ್ ಓಡಲು ಸಾಧ್ಯ. ಸ್ಮಾರ್ಟ್‌ಫೋನಿನಲ್ಲಿ ಅಲಾರಂ ಎಂಬುದು ಒಂದು ಆಪ್ ಮಾಡುವ ಕೆಲಸ. ಆಪ್ ಓಡದಿದ್ದರೆ ಅಲಾರಂ ಇಲ್ಲ.

ಎರಡನೆಯದು, ಬೀಗ. ಇಂದಿನ ಫೋನ್‌ಗಳಲ್ಲಿ ನಿಮ್ಮ ಮಾಹಿತಿ ಗೂಢಲಿಪಿಯಲ್ಲಿ ಇರುತ್ತದೆ. ಫೋನ್ ಆನ್ ಆದ ಮೇಲೆ ಒಮ್ಮೆ ಪಿನ್ ಅಥವಾ ಪ್ಯಾಟರ್ನ್ ಹಾಕುವವರೆಗೆ ಹೆಚ್ಚಿನ ಆಪ್‌ಗಳಿಗೆ ತಮ್ಮ ಮಾಹಿತಿಯೇ ಸಿಗುವುದಿಲ್ಲ. ಕಳ್ಳರ ಕೈಗೆ ಸಿಕ್ಕರೂ ನಿಮ್ಮ ಫೋಟೋ, ಬ್ಯಾಂಕ್ ವಿವರ ಸುರಕ್ಷಿತವಾಗಿರಲಿ ಎಂದು ಮಾಡಿರುವ ವ್ಯವಸ್ಥೆ ಇದು.

ಮೂರನೆಯದು, ಆಂಡ್ರಾಯ್ಡ್‌ನ ನಿಯಮ. ಫೋನ್ ಪರದೆ ಆರಿ ನಿದ್ರೆಯಲ್ಲಿದ್ದಾಗ ಆಪ್‌ಗಳು ಇಟ್ಟ ಅಲಾರಂಗಳನ್ನು ಆಂಡ್ರಾಯ್ಡ್ ನೆನಪಿಟ್ಟುಕೊಳ್ಳುತ್ತದೆ. ಫೋನ್ ಆಫ್ ಮಾಡಿದರೆ ಆ ಪಟ್ಟಿ ಅಳಿಸಿಹೋಗುತ್ತದೆ. ಮತ್ತೆ ಆನ್ ಆದಾಗ ಕ್ಲಾಕ್ ಆಪ್ ತನ್ನ ಅಲಾರಂಗಳನ್ನು ಹೊಸದಾಗಿ ನೋಂದಾಯಿಸಬೇಕು. ಆದ್ದರಿಂದ ಆಫ್ ಆದ ಫೋನಿಗೆ 5 ಗಂಟೆಗೆ ಏಳಬೇಕು ಎಂಬ ನೆನಪೇ ಇರುವುದಿಲ್ಲ. ಕಂಪನಿ ಬೇಕೆಂದೇ ಬೇರೆ ಏರ್ಪಾಡು ಮಾಡಿದ್ದರೆ ಮಾತ್ರ ಇರುತ್ತದೆ.

ಯಾವ ಫೋನ್ ಹೇಗೆ?

ಐಫೋನ್: ಆಫ್ ಮಾಡಿದರೆ ಅಲಾರಂ ಹೊಡೆಯುವುದಿಲ್ಲ. ಐಒಎಸ್ 15ರಿಂದೀಚೆಗೆ ಐಫೋನ್ 11 ಮತ್ತು ಅದರ ನಂತರದ ಹಲವು ಮಾದರಿಗಳನ್ನು ಆಫ್ ಮಾಡಿದ ಮೇಲೂ ಕೆಲ ಹೊತ್ತು ಫೈಂಡ್ ಮೈ ಮೂಲಕ ಹುಡುಕಬಹುದು. ಆಫ್ ಆದರೂ ಹುಡುಕಬಹುದು ಎಂದ ಮೇಲೆ ಅಲಾರಂ ಕೂಡ ಹೊಡೆಯಬಹುದು ಎಂದುಕೊಳ್ಳಬೇಡಿ. ಅದು ಬೇರೆ, ಇದು ಬೇರೆ.

ಆಂಡ್ರಾಯ್ಡ್: ಸಾಮಾನ್ಯವಾಗಿ ಹೊಡೆಯುವುದಿಲ್ಲ. ಕೆಲವು ಕಂಪನಿಗಳು ಕೆಲವು ಮಾದರಿಗಳಲ್ಲಿ ಪವರ್ ಆಫ್ ಅಲಾರಂ ಸೌಲಭ್ಯ ಕೊಟ್ಟಿವೆ. ಅಂಥ ಫೋನ್‌ಗಳಲ್ಲಿ ಕೂಡ ಕಂಪನಿಯದೇ ಕ್ಲಾಕ್ ಆಪ್‌ನಲ್ಲಿ ಇಟ್ಟ ಅಲಾರಂಗೆ ಮಾತ್ರ ಇದನ್ನು ನಂಬಬಹುದು, ಪ್ಲೇ ಸ್ಟೋರ್‌ನಿಂದ ಹಾಕಿಕೊಂಡ ಆಪ್‌ಗೆ ಅಲ್ಲ. ಒಂದೇ ಕಂಪನಿಯ ಒಂದು ಮಾದರಿಯಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಪಕ್ಕದ ಮನೆಯವರ ಫೋನ್ ನೋಡಿ ನಿಮ್ಮದರ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಕೀಪ್ಯಾಡ್ ಫೋನ್: ಹಳೆಯ ನೋಕಿಯಾ ಸೇರಿದಂತೆ ಹಲವು ಸೆಟ್‌ಗಳಲ್ಲಿ ಹೊಡೆಯುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಎಲ್ಲ ಕೀಪ್ಯಾಡ್ ಫೋನ್‌ಗಳಲ್ಲೂ ಹೊಡೆದೇ ಹೊಡೆಯುತ್ತದೆ ಎನ್ನುವಂತಿಲ್ಲ. ಪರೀಕ್ಷಿಸಿಯೇ ನಂಬಬೇಕು.

ಸೈಲೆಂಟ್, ಫ್ಲೈಟ್ ಮೋಡ್, ಆಫ್: ಮೂರೂ ಒಂದೇ ಅಲ್ಲ

ಹಲವರು ಫೋನ್ ಆಫ್ ಮಾಡುವುದು ರಾತ್ರಿ ಯಾರ ಕಾಟವೂ ಇರದಿರಲಿ ಎಂದು. ಅದಕ್ಕೆ ಆಫ್ ಮಾಡಲೇಬೇಕಿಲ್ಲ.

ಸೈಲೆಂಟ್: ಕರೆ, ಮೆಸೇಜ್‌ಗಳ ಸದ್ದು ನಿಲ್ಲುತ್ತದೆ. ಅಲಾರಂ ಹೊಡೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಅಲಾರಂಗೆ ಪ್ರತ್ಯೇಕ ವಾಲ್ಯೂಮ್ ಇದೆ, ಅದು ತೀರಾ ಕೆಳಗೆ ಇಳಿದಿಲ್ಲ ಎಂದು ನೋಡಿಕೊಳ್ಳಿ. ಐಫೋನಿನಲ್ಲಿ ರಿಂಗ್‌ಟೋನ್ ವಾಲ್ಯೂಮ್ ಸೆಟ್ಟಿಂಗ್ ಕೂಡ ಪರಿಶೀಲಿಸಿ.

ಫ್ಲೈಟ್ ಮೋಡ್: ಮೊಬೈಲ್ ನೆಟ್‌ವರ್ಕ್ ಸಂಪರ್ಕ ಕಡಿದುಹೋಗುತ್ತದೆ. ಕರೆ ಬರುವುದಿಲ್ಲ, ಡೇಟಾ ಇರುವುದಿಲ್ಲ. ಅಲಾರಂಗೆ ನೆಟ್‌ವರ್ಕ್ ಬೇಕಾಗಿಲ್ಲ, ಆದ್ದರಿಂದ ಅದು ಹೊಡೆಯುತ್ತದೆ. ಆದರೆ ಮನೆಯಲ್ಲಿ ಅನಾರೋಗ್ಯದವರು ಇದ್ದು ರಾತ್ರಿ ತುರ್ತು ಕರೆ ಬರಬಹುದು ಎಂದಿದ್ದರೆ ಇದನ್ನು ಬಳಸಬೇಡಿ.

ಡು ನಾಟ್ ಡಿಸ್ಟರ್ಬ್: ಐಫೋನಿನಲ್ಲಿ ಇದು ಆನ್ ಇದ್ದರೂ ಅಲಾರಂ ಹೊಡೆಯುತ್ತದೆ. ಆಂಡ್ರಾಯ್ಡ್‌ನಲ್ಲೂ ಸಾಮಾನ್ಯವಾಗಿ ಹೊಡೆಯುತ್ತದೆ, ಆದರೆ ಅಲಾರಂ ಅನ್ನೂ ತಡೆಯುವ ಆಯ್ಕೆ ಅಲ್ಲಿ ಇದೆ. ಯಾವಾಗಲೋ ಆ ಬಟನ್ ಒತ್ತಿ ಮರೆತಿದ್ದರೆ ಬೆಳಿಗ್ಗೆ ಮೌನವೇ ಗತಿ. ಮನೆಯ ಆಯ್ದ ನಂಬರ್‌ಗಳ ಕರೆ ಮಾತ್ರ ಬರುವಂತೆಯೂ ಇಲ್ಲಿ ಮಾಡಿಕೊಳ್ಳಬಹುದು. ತುರ್ತು ಕರೆಯ ಚಿಂತೆ ಇರುವವರಿಗೆ ಇದೇ ಒಳ್ಳೆಯ ದಾರಿ.

ಸ್ವಿಚ್ ಆಫ್: ಹೆಚ್ಚಿನ ಸ್ಮಾರ್ಟ್‌ಫೋನ್‌ಗಳಲ್ಲಿ ಅಲಾರಂ ಇಲ್ಲ.

ಚಾರ್ಜ್ ಮುಗಿದು ಆಫ್ ಆದರೆ?

ಇದಕ್ಕೆ ಉತ್ತರ ಸುಲಭ: ನೆಚ್ಚಿಕೊಳ್ಳಬೇಡಿ. ನೀವಾಗಿ ಆಫ್ ಮಾಡಿದ ಫೋನಿನ ಬ್ಯಾಟರಿಯಲ್ಲಿ ಶಕ್ತಿ ಇರುತ್ತದೆ. ಚಾರ್ಜ್ ಮುಗಿದು ಆಫ್ ಆದ ಫೋನಿನಲ್ಲಿ ಪುಟ್ಟ ಗಡಿಯಾರ ಓಡಿಸಲು ಸಾಕಾಗುವಷ್ಟು ಉಳಿದಿರಬಹುದು, ಪರದೆ ಬೆಳಗಿಸಿ ಸ್ಪೀಕರ್‌ನಲ್ಲಿ ಸದ್ದು ಮಾಡುವಷ್ಟು ಇರುವುದಿಲ್ಲ. ಆಫ್ ಆಗಿದ್ದಾಗ ಎಬ್ಬಿಸುವ ಕೀಪ್ಯಾಡ್ ಫೋನಿಗೂ ಇದೇ ಮಾತು. ಚಾರ್ಜಿಗೆ ಹಾಕಿ ಮಲಗುವವರು ಗೋಡೆಯ ಸ್ವಿಚ್ ಹಾಕಿದ್ದೀರಾ ಎಂದು ಒಮ್ಮೆ ನೋಡಿ. ಕರೆಂಟ್ ಹೋಗುವ ಊರಾದರೆ ಮೊದಲೇ ಸಾಕಷ್ಟು ಚಾರ್ಜ್ ಮಾಡಿಡಿ.

ರಾತ್ರಿ ಫೋನ್ ತಾನಾಗಿ ರೀಸ್ಟಾರ್ಟ್ ಆದರೆ?

ಕೆಲವು ಫೋನ್‌ಗಳು ರಾತ್ರಿ ಹೊತ್ತಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಕೊಂಡು ರೀಸ್ಟಾರ್ಟ್ ಆಗುತ್ತವೆ. ಆಗ ಪಿನ್ ಹಾಕಲು ನೀವು ಎದ್ದಿರುವುದಿಲ್ಲ. ಅಲಾರಂ ಗತಿ ಏನು?

ಇದಕ್ಕೆ ಆಂಡ್ರಾಯ್ಡ್ 2016ರಲ್ಲೇ ಉಪಾಯ ಮಾಡಿದೆ. ಆ ವರ್ಷ ಬಂದ ಆಂಡ್ರಾಯ್ಡ್ 7ರಲ್ಲಿ ಡೈರೆಕ್ಟ್ ಬೂಟ್ ಎಂಬ ವ್ಯವಸ್ಥೆ ಸೇರಿತು. ಪಿನ್ ಹಾಕುವ ಮೊದಲೇ ಅಲಾರಂನಂಥ ಅಗತ್ಯದ ಕೆಲಸಗಳು ನಡೆಯಲು ಅದು ಅವಕಾಶ ಕೊಡುತ್ತದೆ. ಆದರೆ ಆಪ್ ತಯಾರಿಸಿದವರು ಅದನ್ನು ಅಳವಡಿಸಿಕೊಂಡಿರಬೇಕು. ಫೋನಿನ ಜೊತೆಗೇ ಬಂದ ಕ್ಲಾಕ್ ಆಪ್‌ಗಳು ಸಾಮಾನ್ಯವಾಗಿ ಅಳವಡಿಸಿಕೊಂಡಿರುತ್ತವೆ, ಹೊರಗಿನ ಎಲ್ಲ ಅಲಾರಂ ಆಪ್‌ಗಳೂ ಅಲ್ಲ. ಇದರ ಜೊತೆಗೆ ಕೆಲವು ಫೋನ್‌ಗಳ ಬ್ಯಾಟರಿ ಸೇವರ್ ಹೊರಗಿನ ಆಪ್‌ಗಳನ್ನು ಹಿನ್ನೆಲೆಯಲ್ಲಿ ಓಡಲು ಬಿಡುವುದಿಲ್ಲ. ಮುಖ್ಯವಾದ ಅಲಾರಂ ಇದ್ದರೆ ಫೋನಿನದೇ ಕ್ಲಾಕ್ ಆಪ್ ಬಳಸಿ ಎಂದು ನಾವು ಹೇಳುವುದು ಇದಕ್ಕೇ.

"ಇಂದು ರಾತ್ರಿ ಫೋನ್ ಆಫ್ ಮಾಡಿ" ಎನ್ನುವ ಸಂದೇಶಗಳು

ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಫೋನ್ ಆಫ್ ಮಾಡಿ ದೂರ ಇಡಿ, ನಾಸಾ ಮತ್ತು ಬಿಬಿಸಿ ಹೇಳಿವೆ ಎಂಬ ಸಂದೇಶ ಹಲವು ವರ್ಷಗಳಿಂದ ಸುತ್ತುತ್ತಲೇ ಇದೆ. ಅದರಲ್ಲಿ ತಾರೀಖು ಇರುವುದಿಲ್ಲ, "ಇಂದು ರಾತ್ರಿ" ಎಂದಷ್ಟೇ ಇರುತ್ತದೆ. ಹಾಗಾಗಿ ಯಾವ ದಿನ ಬಂದರೂ ಹೊಸದರಂತೆಯೇ ಕಾಣುತ್ತದೆ.

ಇದು ಸುಳ್ಳು. ಕಾಸ್ಮಿಕ್ ಕಿರಣಗಳು ಅಂತರಿಕ್ಷದಿಂದ ಸದಾ ಬರುತ್ತಲೇ ಇರುತ್ತವೆ. ಭೂಮಿಯ ಕಾಂತಕ್ಷೇತ್ರ ಮತ್ತು ವಾತಾವರಣ ಅವುಗಳಿಂದ ನಮ್ಮನ್ನು ಬಹುಮಟ್ಟಿಗೆ ಕಾಪಾಡುತ್ತವೆ. ನಿಮ್ಮ ಫೋನ್ ಅವುಗಳನ್ನು ಎಳೆದುಕೊಳ್ಳುವುದಿಲ್ಲ. ಆನ್ ಇದ್ದರೂ ಅಷ್ಟೇ, ಆಫ್ ಇದ್ದರೂ ಅಷ್ಟೇ. ಇಂಥ ಸಂದೇಶ ನಂಬಿ ಫೋನ್ ಆಫ್ ಮಾಡಿದವರಿಗೆ ಆಗುವ ನಿಜವಾದ ನಷ್ಟ ಎಂದರೆ ಬೆಳಗಿನ ಅಲಾರಂ ಮತ್ತು ರಾತ್ರಿಯ ತುರ್ತು ಕರೆ.

ಇನ್ನು ಫೋನಿನ ರೇಡಿಯೇಷನ್ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಫೋನ್ ಹೊರಸೂಸುವ ಬಗೆಯ ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಆದರೆ ಸಾಕಷ್ಟು ಪುರಾವೆ ಇಲ್ಲ ಎಂಬುದು ಅದರ ಅರ್ಥ. 2024ರಲ್ಲಿ ಪ್ರಕಟವಾದ, ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ಸಮೀಕ್ಷೆಯೊಂದು ಈ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ಸಂಬಂಧ ಅದರಲ್ಲಿ ಕಂಡುಬರಲಿಲ್ಲ. ಇಷ್ಟಾದರೂ ಮನಸ್ಸಿಗೆ ಸಮಾಧಾನ ಇಲ್ಲವೇ? ಫ್ಲೈಟ್ ಮೋಡ್ ಹಾಕಿ, ವೈಫೈ ಮತ್ತು ಬ್ಲೂಟೂತ್ ಕೂಡ ಆಫ್ ಇವೆಯೇ ನೋಡಿ, ಫೋನನ್ನು ಕೋಣೆಯ ಆ ಮೂಲೆಯ ಮೇಜಿನ ಮೇಲೆ ಇಡಿ. ಅಲಾರಂ ಹೊಡೆಯುತ್ತದೆ. ಅದನ್ನು ನಿಲ್ಲಿಸಲು ಹಾಸಿಗೆಯಿಂದ ಏಳಲೇಬೇಕು, ಅದೊಂದು ಲಾಭ!

ಆಫ್ ಆದ ಫೋನ್ ಏಳುತ್ತದೆ ಎಂದರೆ ಕದ್ದು ಕೇಳುತ್ತಿದೆಯೇ?

ಆಫ್ ಆಗಿದ್ದರೂ ಅಲಾರಂ ಹೊಡೆಯುವುದೇ ಫೋನ್ ಸದಾ ನಮ್ಮ ಮಾತು ಕೇಳಿಸಿಕೊಳ್ಳುತ್ತಿದೆ ಎನ್ನಲು ಸಾಕ್ಷಿ ಎಂದು ಕೆಲವರು ಹೇಳುವುದುಂಟು. ಅದು ಹೇಗೆ ಏಳುತ್ತದೆ ಎಂಬುದನ್ನು ಮೇಲೆ ನೋಡಿದೆವು. ಎಚ್ಚರ ಇರುವುದು ಒಂದು ಗಡಿಯಾರ ಮಾತ್ರ. ಅದಕ್ಕೆ ಕಿವಿ ಇಲ್ಲ. ಗೋಡೆ ಗಡಿಯಾರ ಓಡುತ್ತಿದೆ ಎಂದ ಮಾತ್ರಕ್ಕೆ ಅದು ನಮ್ಮ ಮಾತು ಕೇಳಿಸಿಕೊಳ್ಳುತ್ತಿಲ್ಲವಲ್ಲ, ಹಾಗೆ.

ನಿಮ್ಮ ಫೋನನ್ನು ನೀವೇ ಪರೀಕ್ಷಿಸಿ

ನಮ್ಮ ಮಾತನ್ನೂ ಸುಮ್ಮನೆ ನಂಬಬೇಕಿಲ್ಲ. ಹತ್ತು ನಿಮಿಷದ ಪರೀಕ್ಷೆ ಇದು. ಯಾವ ಕೆಲಸವೂ ಕೆಡದ ರಜೆಯ ದಿನ ಮಾಡಿ.

1. ಫೋನ್ ಕನಿಷ್ಠ ಅರ್ಧದಷ್ಟಾದರೂ ಚಾರ್ಜ್ ಇರಲಿ. ಫೋನಿನ ಜೊತೆ ಬಂದ ಕ್ಲಾಕ್ ಆಪ್ ತೆರೆಯಿರಿ.

2. ಈಗಿನಿಂದ 10 ನಿಮಿಷ ಮುಂದಕ್ಕೆ ಅಲಾರಂ ಇಡಿ. ಬೆಳಿಗ್ಗೆ, ಸಂಜೆ ಅದಲುಬದಲು ಆಗಿಲ್ಲ ಎಂದು ನೋಡಿಕೊಳ್ಳಿ.

3. ಫೋನನ್ನು ಪೂರ್ತಿ ಸ್ವಿಚ್ ಆಫ್ ಮಾಡಿ. ಪವರ್ ಬಟನ್ ಒಮ್ಮೆ ಒತ್ತಿ ಪರದೆ ಆರಿಸುವುದು ಸ್ವಿಚ್ ಆಫ್ ಅಲ್ಲ. ಹಲವರು ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ.

4. ಬೇರೆ ಗಡಿಯಾರ ನೋಡುತ್ತಾ 15 ನಿಮಿಷ ಕಾಯಿರಿ. ಏಳಲು ಕೆಲವು ಫೋನ್‌ಗಳಿಗೆ ಸ್ವಲ್ಪ ಹೊತ್ತು ಬೇಕಾಗಬಹುದು.

5. ಹೊಡೆದರೆ ಇನ್ನೊಂದು ದಿನ ಮತ್ತೊಮ್ಮೆ ಪರೀಕ್ಷಿಸಿ. ಹೊಡೆಯದಿದ್ದರೆ ಉತ್ತರ ಸಿಕ್ಕಿತು. ಇನ್ನು ಮುಂದೆ ಅಲಾರಂ ಇಟ್ಟು ಆಫ್ ಮಾಡಬೇಡಿ.

6. ಇದೇ ಪರೀಕ್ಷೆಯನ್ನು ಫ್ಲೈಟ್ ಮೋಡ್ ಹಾಕಿ, ಆಮೇಲೆ ಡು ನಾಟ್ ಡಿಸ್ಟರ್ಬ್ ಹಾಕಿ ಮಾಡಿ. ಎರಡರಲ್ಲೂ ಸದ್ದು ಬಂದರೆ ರಾತ್ರಿ ಯಾವುದು ಬೇಕೋ ಅದನ್ನು ನಿಶ್ಚಿಂತೆಯಿಂದ ಬಳಸಬಹುದು.

ಹೊಸ ಫೋನ್ ಕೊಂಡಾಗ ಮತ್ತು ದೊಡ್ಡ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಈ ಪರೀಕ್ಷೆಯನ್ನು ಮತ್ತೆ ಮಾಡುವುದು ಒಳ್ಳೆಯದು. ಮನೆಯ ಹಿರಿಯರಿಗೆ ಕೀಪ್ಯಾಡ್ ಫೋನ್ ಬಿಡಿಸಿ ಸ್ಮಾರ್ಟ್‌ಫೋನ್ ಕೊಡಿಸಿದ್ದರೆ ಅವರ ಜೊತೆ ಕುಳಿತು ಮಾಡಿ ತೋರಿಸಿ. ಬಾಯಿಮಾತಿಗಿಂತ ಕಣ್ಣಾರೆ ಕಂಡದ್ದು ಮನಸ್ಸಿನಲ್ಲಿ ಉಳಿಯುತ್ತದೆ.

ಪರೀಕ್ಷೆ, ಪ್ರಯಾಣ, ಆಸ್ಪತ್ರೆಯಂಥ ತಪ್ಪಿಸಿಕೊಳ್ಳಲಾಗದ ದಿನಗಳಿಗೆ ಒಂದೇ ಫೋನನ್ನು ನೆಚ್ಚಿಕೊಳ್ಳಬೇಡಿ. ಮನೆಯ ಇನ್ನೊಂದು ಫೋನಿನಲ್ಲೂ ಅಲಾರಂ ಇಡಿ, ಇಲ್ಲವೇ ಸೆಲ್ ಹಾಕುವ ಹಳೆಯ ಅಲಾರಂ ಗಡಿಯಾರವನ್ನು ಕಪಾಟಿನಿಂದ ಹೊರತೆಗೆಯಿರಿ.

ನಮ್ಮ ತೀರ್ಮಾನ

ಫೋನ್ ಆಫ್ ಆಗಿದ್ದರೂ ಅಲಾರಂ ಹೊಡೆಯುತ್ತದೆ ಎನ್ನುವ ಸಂದೇಶ ಅರ್ಧ ಸತ್ಯ. ಹಲವು ಕೀಪ್ಯಾಡ್ ಫೋನ್‌ಗಳ ಮಟ್ಟಿಗೆ ನಿಜ, ಕೆಲವೇ ಆಂಡ್ರಾಯ್ಡ್ ಮಾದರಿಗಳ ಮಟ್ಟಿಗೆ ನಿಜ, ಐಫೋನ್ ಮತ್ತು ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳ ಮಟ್ಟಿಗೆ ತಪ್ಪು. ರಾತ್ರಿ ನೆಮ್ಮದಿಯ ನಿದ್ದೆ ಬೇಕಿದ್ದರೆ ಆಫ್ ಮಾಡುವ ಬದಲು ಫ್ಲೈಟ್ ಮೋಡ್ ಅಥವಾ ಡು ನಾಟ್ ಡಿಸ್ಟರ್ಬ್ ಸಾಕು.

ಈ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಯಾವ ಫೋನಿನಲ್ಲಿ?" ನಾಳೆ ಬೆಳಿಗ್ಗೆ ಬೇಗ ಏಳಬೇಕಾದ ಯಾರೋ ಒಬ್ಬರಿಗೆ ಆ ಪ್ರಶ್ನೆಯಿಂದ ಉಪಕಾರವಾದೀತು.